ಎಚ್ಚರವಾಗುವುದು ಬೇರೆ, ಏಳುವುದು ಬೇರೆ
ನಿದ್ದೆಯಿಂದ ಏಳುವುದಕ್ಕೆ ಇಂಗ್ಲಿಷಿನಲ್ಲಿರುವ ಕ್ರಿಯಾಪದಗಳ ಕುರಿತು

(ಬುಕ್ಕಸಾಗರದಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



 

ಇಂದು ನಾನು ಮಾತನಾಡಲಿರುವ ವಿಷಯ ನೋಡಲು ತೀರಾ ಸಣ್ಣದು. ನಾವೆಲ್ಲರೂ ದಿನವೂ ಮಾಡುವ ಮೊದಲ ಕೆಲಸ ಯಾವುದು? ನಿದ್ದೆಯಿಂದ ಏಳುವುದು. ಆ ಒಂದು ಕೆಲಸವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಎಂಬುದಷ್ಟೇ ಇಂದಿನ ಮಾತು. ಇಷ್ಟಕ್ಕೆ ಒಂದು ಉಪನ್ಯಾಸ ಬೇಕೇ ಎಂದು ಹಿರಿಯರಿಗೆ ಅನಿಸಬಹುದು. ಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮೊದಲು ಹೇಳುತ್ತೇನೆ.

ಕನ್ನಡ ಮಾಧ್ಯಮದಲ್ಲೋ ಉರ್ದು ಮಾಧ್ಯಮದಲ್ಲೋ ಓದಿದ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿಯವರೆಗೆ ಚೆನ್ನಾಗಿಯೇ ಬರುತ್ತಾರೆ. ಗಣಿತ, ವಿಜ್ಞಾನಗಳಲ್ಲಿ ಒಳ್ಳೆಯ ಅಂಕ ತೆಗೆಯುತ್ತಾರೆ. ಹೊಸಪೇಟೆಯ ಕಾಲೇಜಿಗೋ ಬಳ್ಳಾರಿಯ ಕಾಲೇಜಿಗೋ ಸೇರಿದ ಮೊದಲ ವರ್ಷ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಬಾಯಿ ತೆರೆಯುವುದಿಲ್ಲ. ಕೆಲವರು ಓದನ್ನೇ ಬಿಟ್ಟುಬಿಡುತ್ತಾರೆ. ಅದರಲ್ಲೂ ಹೆಣ್ಣುಮಕ್ಕಳು ಒಮ್ಮೆ ಓದು ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಈ ಹೆದರಿಕೆ ದೊಡ್ಡ ದೊಡ್ಡ ಪದಗಳಿಂದ ಬರುವುದಿಲ್ಲ. ದೊಡ್ಡ ಪದಗಳಿಗೆ ನಿಘಂಟು ಇದೆ, ಗೈಡ್ ಇದೆ, ಈಗ ಮೊಬೈಲ್ ಕೂಡ ಇದೆ. ಹೆದರಿಕೆ ಬರುವುದು ಸಣ್ಣ ಪದಗಳಿಂದ. 'ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀ' ಎಂಬ ಸರಳ ಪ್ರಶ್ನೆಯ ಮುಂದೆ ನಿಂತಾಗ, ವೇಕ್ ಎನ್ನಬೇಕೋ, ಅವೇಕ್ ಎನ್ನಬೇಕೋ, ಗೆಟ್ ಅಪ್ ಎನ್ನಬೇಕೋ, ರೈಝ್ ಎನ್ನಬೇಕೋ ತಿಳಿಯದೆ ನಾಲಿಗೆ ನಿಂತುಹೋಗುತ್ತದೆ.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಈ ಪದಗಳ ನಡುವಿನ ವ್ಯತ್ಯಾಸ ನಿಮಗೆ ಈಗಾಗಲೇ ಗೊತ್ತಿದೆ. ಅದನ್ನು ಕನ್ನಡ ನಿಮಗೆ ಕಲಿಸಿದೆ, ಮನೆಯ ಉರ್ದು ಕಲಿಸಿದೆ. ಗೊತ್ತಿರುವುದನ್ನು ಇಂಗ್ಲಿಷಿನ ಪದಕ್ಕೆ ಜೋಡಿಸುವುದಷ್ಟೇ ಬಾಕಿ.

ನಾಲ್ಕು ಸಂಗತಿಗಳು

ಕನ್ನಡದಲ್ಲಿ 'ಏಳು' ಎಂದರೆ ಒಂದು ಸಂಖ್ಯೆಯೂ ಹೌದು, ಹಾಸಿಗೆ ಬಿಡು ಎಂಬ ಆಜ್ಞೆಯೂ ಹೌದು. 'ಏಳು ಗಂಟೆಗೆ ಏಳು' ಎಂದು ಅಮ್ಮಿ ಹೇಳಿದರೆ ಯಾವ ಮಗುವೂ ಗೊಂದಲಗೊಳ್ಳುವುದಿಲ್ಲ. ಹೊತ್ತು, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಿದರೆ ಸಾಲದು, ಅದು ಬಳಕೆಯಾಗುವ ಜಾಗವನ್ನು ನೋಡಬೇಕು ಎನ್ನುವುದಕ್ಕೆ ಇದೇ ಸಾಕ್ಷಿ.

ಈಗ ಬೆಳಗಿನ ಹೊತ್ತನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು, ನಿದ್ದೆ ಮುರಿದು ಕಣ್ಣು ತೆರೆಯುವುದು. ಎರಡನೆಯದು, ಹಾಸಿಗೆ ಬಿಟ್ಟು ನಿಲ್ಲುವುದು. ಮೂರನೆಯದು, ಒಬ್ಬರು ಇನ್ನೊಬ್ಬರನ್ನು ನಿದ್ದೆಯಿಂದ ಎಬ್ಬಿಸುವುದು. ನಾಲ್ಕನೆಯದು, ನಿದ್ದೆ ಮಾಡದೆ ಎಚ್ಚರವಾಗಿ ಇರುವುದು.

ಕನ್ನಡದಲ್ಲಿ ಇವಕ್ಕೆ ನಾಲ್ಕು ಮಾತುಗಳಿವೆ: ಎಚ್ಚರವಾಯಿತು, ಎದ್ದೆ, ಎಬ್ಬಿಸಿದೆ, ಎಚ್ಚರವಿದ್ದೆ. ಉರ್ದುವಿನಲ್ಲಿಯೂ ಇವೆ: ಆಂಖ್ ಖುಲೀ, ಉಠಾ, ಜಗಾಯಾ, ಜಾಗ್‌ತಾ ರಹಾ. ಇಂಗ್ಲಿಷಿನವರೂ ಇದೇ ನಾಲ್ಕು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಆದ್ದರಿಂದ ಬಾಯಿ ತೆರೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ಈ ನಾಲ್ಕರಲ್ಲಿ ಯಾವುದನ್ನು? ಅದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಿದ್ದೆ ಮುರಿಯುವುದು

ಮೊದಲನೆಯ ಸಂಗತಿಗೆ ದಿನಬಳಕೆಯ ಮಾತು ವೇಕ್ ಅಪ್. 'ಐ ವೋಕ್ ಅಪ್ ಅಟ್ ಫೈವ್' ಎಂದರೆ ಐದಕ್ಕೆ ನನಗೆ ಎಚ್ಚರವಾಯಿತು ಎಂದಷ್ಟೇ ಅರ್ಥ. ಹಾಸಿಗೆ ಬಿಟ್ಟೆನೋ ಇಲ್ಲವೋ ಅದು ಬೇರೆ ಮಾತು. ಬರಹದಲ್ಲಿ 'ಅಪ್' ಇಲ್ಲದೆ ಬರಿಯ ವೇಕ್ ಕೂಡ ಬರುತ್ತದೆ. ಮಾತಿನಲ್ಲಿ 'ಅಪ್' ಸೇರಿಸುವುದೇ ಹೆಚ್ಚು ಸಹಜ.

ಇಲ್ಲಿ ನಮ್ಮ ಮಕ್ಕಳು ಎಡವುವುದಕ್ಕೆ ಒಂದು ಕಾರಣವಿದೆ. ಕನ್ನಡದಲ್ಲಿ 'ನಾನು ಎಚ್ಚರವಾದೆ' ಎನ್ನುವುದಕ್ಕಿಂತ 'ನನಗೆ ಎಚ್ಚರವಾಯಿತು' ಎನ್ನುವುದು ರೂಢಿ. ಎಚ್ಚರ ಎಂಬುದು ತಾನಾಗಿ ನಮ್ಮ ಬಳಿ ಬರುವ ವಸ್ತು ಎಂಬಂತೆ ನಾವು ಮಾತನಾಡುತ್ತೇವೆ. ಹಸಿವೆಯಾಯಿತು, ಬಾಯಾರಿಕೆಯಾಯಿತು, ಎಚ್ಚರವಾಯಿತು, ಎಲ್ಲವೂ 'ನನಗೆ'. ಉರ್ದುವಿನಲ್ಲಿ 'ಮೇರೀ ಆಂಖ್ ಖುಲೀ' ಎನ್ನುವಾಗ ತೆರೆದುಕೊಂಡದ್ದು ಕಣ್ಣು, ನಾನಲ್ಲ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ನಿದ್ದೆ ತಾನಾಗಿ ಮುರಿದರೂ ವಾಕ್ಯದ ಒಡೆಯ 'ಐ'. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ, 'ಟು ಮಿ' ಎಂದು ವಾಕ್ಯ ಆರಂಭಿಸಿ ಮುಂದೆ ದಾರಿ ಕಾಣದೆ ನಿಲ್ಲುವುದು ತಪ್ಪುತ್ತದೆ.

ಕಾಲರೂಪಗಳು ಹೀಗಿವೆ: ವೇಕ್, ವೋಕ್, ವೋಕನ್. ಇದು ನಿಯಮಕ್ಕೆ ಸಿಗದ ಕ್ರಿಯಾಪದ, ಇಂಗ್ಲಿಷ್ ಕಷ್ಟ ಎಂದು ದೂರುವ ಮೊದಲು ನಮ್ಮ 'ಏಳು' ಪದವನ್ನೇ ನೋಡಿ. ಹೇಳು ಎಂಬುದು ಹೇಳಿದೆ ಎಂದಾಗುತ್ತದೆ. ಏಳು ಎಂಬುದು ಏಳಿದೆ ಎಂದಾಗುವುದಿಲ್ಲ, ಎದ್ದೆ ಎಂದಾಗುತ್ತದೆ. ಬೀಳು ಎಂಬುದು ಬಿದ್ದೆ ಎಂದಾಗುತ್ತದೆ. ಇದನ್ನು ಮೂರು ವರ್ಷದ ಮಗು ಯಾವ ಟ್ಯೂಷನ್ನೂ ಇಲ್ಲದೆ ಕಲಿಯುತ್ತದೆ, ಏಕೆಂದರೆ ದಿನವೂ ಹತ್ತು ಸಲ ಕೇಳುತ್ತದೆ. ವೇಕ್, ವೋಕ್, ವೋಕನ್ ಎಂಬುದನ್ನೂ ಕೇಳಿ, ಆಡಿ ಕಲಿಯಬೇಕೇ ಹೊರತು ಪಟ್ಟಿ ಮಾಡಿ ಉರುಹೊಡೆದಲ್ಲ.

ಈ ಪದಕ್ಕೆ ಇಷ್ಟು ರೂಪಗಳೇಕೆ ಎಂದು ಕೆಲವು ವಿದ್ಯಾರ್ಥಿಗಳು ಕೇಳುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಕ್ರಿಯಾಪದಗಳಿದ್ದವು. ಒಂದಕ್ಕೆ ಎಚ್ಚರವಾಗು ಎಂಬ ಅರ್ಥ, ಇನ್ನೊಂದಕ್ಕೆ ಎಚ್ಚರವಾಗಿರು, ಕಾವಲಿರು ಎಂಬ ಅರ್ಥ. ಕಾಲ ಕಳೆದಂತೆ ಎರಡೂ ಬೆರೆತು ಇಂದಿನ ವೇಕ್ ಆಯಿತು. ಹಳೆಯ ಪುಸ್ತಕಗಳಲ್ಲಿ ವೋಕ್ ಎಂಬುದರ ಬದಲು ವೇಕ್ಡ್ ಎಂಬ ರೂಪ ಕಂಡರೆ ಅದು ಈ ಬೆರಕೆಯ ಗುರುತು. ಪರೀಕ್ಷೆಯಲ್ಲಿ ನೀವು ವೋಕ್ ಎಂದೇ ಬರೆಯಿರಿ.

ಹಾಸಿಗೆ ಬಿಡುವುದು

ಎರಡನೆಯ ಸಂಗತಿಗೆ ಗೆಟ್ ಅಪ್. ಕಣ್ಣು ತೆರೆದವರೆಲ್ಲರೂ ಎದ್ದವರಲ್ಲ ಎಂಬುದು ಪರೀಕ್ಷೆಯ ದಿನಗಳಲ್ಲಿ ತಾಯಂದಿರಿಗೆ ಚೆನ್ನಾಗಿ ಗೊತ್ತು. 'ಎಚ್ಚರ ಇದ್ದೀನಮ್ಮಿ' ಎಂದು ಹೊದಿಕೆಯೊಳಗಿಂದ ಉತ್ತರ ಬರುತ್ತದೆ, ಮಗ ಮಾತ್ರ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಹೇಳುವುದಾದರೆ, ಅವನು ಐದಕ್ಕೆ ವೋಕ್ ಅಪ್, ಆರೂವರೆಗೆ ಗಾಟ್ ಅಪ್. ನಡುವಿನ ಒಂದೂವರೆ ಗಂಟೆ ಇವೆರಡು ಪದಗಳ ನಡುವಿನ ಅಂತರ. ಕುರ್ಚಿಯಿಂದ ಏಳುವುದಕ್ಕೂ ಗೆಟ್ ಅಪ್ ಸಲ್ಲುತ್ತದೆ. ನಮ್ಮ 'ಏಳು' ಪದವೂ ಹಾಗೆಯೇ ಅಲ್ಲವೇ?

ಇದೇ ಅರ್ಥದಲ್ಲಿ ರೈಝ್ ಎಂಬ ಪದವೂ ಇದೆ. ಇದು ಅನ್ನದ ರೈಸ್ ಅಲ್ಲ, ಕೊನೆಯಲ್ಲಿ ಝಕಾರದ ನಾದವಿದೆ. ರೈಝ್ ಸ್ವಲ್ಪ ಗಂಭೀರವಾದ, ಬರಹದ ಪದ. ಬೇಗ ಏಳುವ ಅಭ್ಯಾಸದವರನ್ನು ಅರ್ಲಿ ರೈಝರ್ ಎನ್ನುತ್ತಾರೆ. ನ್ಯಾಯಾಲಯಕ್ಕೆ ನ್ಯಾಯಾಧೀಶರು ಬಂದಾಗ ಎಲ್ಲರೂ ಏಳಿ ಎನ್ನುವುದಕ್ಕೂ ಇದೇ ಪದ. ಮನೆಯಲ್ಲಿ ತಮ್ಮನಿಗೆ 'ರೈಝ್' ಎಂದರೆ ನಾಟಕದ ಸಂಭಾಷಣೆಯಂತೆ ಕೇಳುತ್ತದೆ.

ಸೂರ್ಯನ ವಿಷಯದಲ್ಲಿ ಮೂರು ಭಾಷೆಗಳೂ ಮೂರು ದಾರಿ ಹಿಡಿದಿವೆ. ಕನ್ನಡದಲ್ಲಿ ಸೂರ್ಯ ಹುಟ್ಟುತ್ತಾನೆ, ಮೂಡುತ್ತಾನೆ. ಉರ್ದುವಿನಲ್ಲಿ ಸೂರಜ್ ನಿಕಲ್‌ತಾ ಹೈ, ಅಂದರೆ ಹೊರಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಅವನು ಏಳುತ್ತಾನೆ, ರೈಝ್. ಆದರೆ ಸೂರ್ಯ ಎಂದೂ ಗೆಟ್ ಅಪ್ ಆಗುವುದಿಲ್ಲ. ಸಮಾನಾರ್ಥಕ ಎಂದು ಪುಸ್ತಕದಲ್ಲಿ ಪಕ್ಕಪಕ್ಕ ಬರೆದ ಪದಗಳು ಬಳಕೆಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ರೈಝ್ ಪದದ ತಮ್ಮನಂತಿರುವ ಅರೈಝ್ ಕೂಡ ಇಂದು ನಿದ್ದೆಯ ಮಾತಿಗೆ ಬಹುತೇಕ ಬರುವುದಿಲ್ಲ. ಸಮಸ್ಯೆ ಉದ್ಭವಿಸಿತು, ಪ್ರಶ್ನೆ ಎದ್ದಿತು ಎನ್ನುವ ಕಡೆ ಬರುತ್ತದೆ.

ಎಬ್ಬಿಸುವುದು

ವಿದ್ಯಾರ್ಥಿಗಳೇ, ಮೂರನೆಯ ಸಂಗತಿಗೆ ಹೆಚ್ಚು ಗಮನ ಕೊಡಿ. ಏಕೆಂದರೆ ನಮ್ಮ ಭಾಗದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇಶವಿದೇಶಗಳ ಪ್ರವಾಸಿಗರು ಬರುತ್ತಾರೆ. ನಮ್ಮ ಹುಡುಗರು ಗೈಡ್ ಆಗಿ, ಆಟೋ ಚಾಲಕರಾಗಿ, ಹೊಸಪೇಟೆಯ ಹೋಟೆಲುಗಳಲ್ಲಿ ಸಿಬ್ಬಂದಿಯಾಗಿ ದುಡಿಯುತ್ತಾರೆ. ಮಾತಂಗ ಬೆಟ್ಟದ ಮೇಲಿನಿಂದ ಸೂರ್ಯೋದಯ ನೋಡಬೇಕೆಂಬುದು ಅನೇಕ ಪ್ರವಾಸಿಗರ ಆಸೆ. ಅದಕ್ಕೆ ಕತ್ತಲಿರುವಾಗಲೇ ಹೊರಡಬೇಕು. 'ನಾಲ್ಕೂವರೆಗೆ ನಿಮ್ಮನ್ನು ಎಬ್ಬಿಸುತ್ತೇನೆ' ಎಂದು ಅತಿಥಿಗೆ ಹೇಳಬೇಕಾದ ಹುಡುಗ ಏನೆನ್ನಬೇಕು?

'ಐ ವಿಲ್ ರೈಝ್ ಯೂ' ಎಂದರೆ ತಪ್ಪು. ರೈಝ್ ಎಂಬುದು ತಾನೇ ಏಳುವುದು, ಇನ್ನೊಬ್ಬರನ್ನು ಎಬ್ಬಿಸುವುದಲ್ಲ. ಸರಿ, ಏಳು ಎಂಬುದಕ್ಕೆ ಎಬ್ಬಿಸು ಇದ್ದಂತೆ ರೈಝ್ ಎಂಬುದಕ್ಕೆ ರೇಝ್ ಇದೆಯಲ್ಲ, ಅದನ್ನೇ ಹೇಳೋಣ ಎಂದರೆ ಅದೂ ತಪ್ಪು. ಇಲ್ಲಿಯೇ ನಮ್ಮ ಎರಡೂ ಭಾಷೆಗಳು ನಮ್ಮ ಕೈ ಹಿಡಿದು ತಪ್ಪು ದಾರಿಗೆ ಕರೆದೊಯ್ಯುವುದು. ಕನ್ನಡದಲ್ಲಿ ಗೋಡೆ ಎಬ್ಬಿಸುತ್ತೇವೆ, ಧೂಳು ಎಬ್ಬಿಸುತ್ತೇವೆ, ಗದ್ದಲ ಎಬ್ಬಿಸುತ್ತೇವೆ, ಮಲಗಿದವರನ್ನೂ ಎಬ್ಬಿಸುತ್ತೇವೆ. ಉರ್ದುವಿನಲ್ಲಿ ಬೋಝ್ ಉಠಾನಾ, ಸವಾಲ್ ಉಠಾನಾ, ಬಚ್ಚೇ ಕೋ ಉಠಾನಾ, ಎಲ್ಲಕ್ಕೂ ಒಂದೇ ಮಾತು. ಇಂಗ್ಲಿಷಿನ ರೇಝ್ ಗೋಡೆಗೆ ಆಗುತ್ತದೆ, ಧೂಳಿಗೆ ಆಗುತ್ತದೆ, ಪ್ರಶ್ನೆಗೆ ಆಗುತ್ತದೆ, ಮಲಗಿದ ಮನುಷ್ಯನಿಗೆ ಮಾತ್ರ ಆಗುವುದಿಲ್ಲ. ಅಲ್ಲಿ ಮತ್ತೆ ವೇಕ್ ಅಪ್ ಪದವೇ ಬರಬೇಕು: 'ಐ ವಿಲ್ ವೇಕ್ ಯೂ ಅಪ್ ಅಟ್ ಫೋರ್ ಥರ್ಟಿ.' ತಾನೇ ಎಚ್ಚರವಾಗುವುದಕ್ಕೂ ಇನ್ನೊಬ್ಬರನ್ನು ಎಬ್ಬಿಸುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ನಮ್ಮಲ್ಲಿ ಎರಡು. ಈ ಒಂದು ವಿಷಯದಲ್ಲಿ ಇಂಗ್ಲಿಷ್ ನಮ್ಮ ಭಾಷೆಗಳಿಗಿಂತ ಸುಲಭ ಎಂದು ತಿಳಿದು ಸಂತೋಷಪಡಿ. ಹೋಟೆಲಿನವರು ಫೋನ್ ಮಾಡಿ ಎಬ್ಬಿಸುವುದಕ್ಕೆ ವೇಕ್ ಅಪ್ ಕಾಲ್ ಎನ್ನುತ್ತಾರೆ. 'ನನ್ನನ್ನು ಐದಕ್ಕೆ ಎಬ್ಬಿಸಿ' ಎಂದು ನಯವಾಗಿ ಕೇಳಲು 'ಕುಡ್ ಯೂ ವೇಕ್ ಮಿ ಅಪ್ ಅಟ್ ಫೈವ್, ಪ್ಲೀಸ್' ಎಂದರೆ ಸಾಕು.

ಎಬ್ಬಿಸುವುದಕ್ಕೆ ರೌಝ್ ಎಂಬ ಇನ್ನೊಂದು ಪದವಿದೆ. ಗಾಢನಿದ್ದೆಯಲ್ಲಿರುವವರನ್ನು ಅಲುಗಾಡಿಸಿ, ಕೂಗಿ ಕಷ್ಟಪಟ್ಟು ಎಬ್ಬಿಸುವಾಗ ಅದು ಸರಿಹೊಂದುತ್ತದೆ. ಕೋಪ ಕೆರಳಿಸುವುದಕ್ಕೂ ಜನರನ್ನು ಹುರಿದುಂಬಿಸುವುದಕ್ಕೂ ಅದನ್ನು ಬಳಸುತ್ತಾರೆ. ಸ್ಟರ್ ಎಂದರೆ ನಿದ್ದೆಯಲ್ಲಿ ಸ್ವಲ್ಪ ಮಿಸುಕುವುದು. ಕತೆ ಓದುವಾಗ ಮಗು ಸ್ಟರ್ಡ್ ಎಂದಿದ್ದರೆ ಅದು ಎದ್ದಿತೆಂದು ತಿಳಿಯಬೇಡಿ, ಮಿಸುಕಿತು ಅಷ್ಟೇ.

ಎಬ್ಬಿಸುವ ಕೆಲಸವನ್ನೇ ಉದ್ಯೋಗ ಮಾಡಿಕೊಂಡವರೂ ಇದ್ದರು. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ 19ನೇ ಶತಮಾನದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೂ, ನಸುಕಿನಲ್ಲಿ ಬೀದಿ ಬೀದಿ ನಡೆದು ಉದ್ದನೆಯ ಕೋಲಿನಿಂದ ಮಹಡಿಯ ಕಿಟಕಿ ತಟ್ಟಿ ಕಾರ್ಮಿಕರನ್ನು ಎಬ್ಬಿಸುವವರಿದ್ದರು. ಗಡಿಯಾರ ಕೊಳ್ಳಲಾಗದ ಬಡ ಕಾರ್ಮಿಕರು ವಾರಕ್ಕೆ ಕೆಲವು ಪೆನ್ನಿಗಳನ್ನು ಅವರಿಗೆ ಕೊಡುತ್ತಿದ್ದರು. ಅವರ ಹೆಸರು ನಾಕರ್ ಅಪ್. ರಮಜಾನ್ ತಿಂಗಳಲ್ಲಿ ಸಹರಿಗೆ ಎಬ್ಬಿಸಲು ಬೀದಿಯಲ್ಲಿ ಕೂಗುತ್ತಾ ಬರುವವರನ್ನು ಕಂಡ ನಮಗೆ ಇದು ಅಪರಿಚಿತವಲ್ಲ. ಬ್ರಿಟನ್ನಿನಲ್ಲಿ ಬಾಗಿಲು ತಟ್ಟಿ ಎಬ್ಬಿಸುವುದಕ್ಕೆ ನಾಕ್ ಅಪ್ ಎಂಬ ಮಾತು ಹೀಗೆ ರೂಢಿಯಲ್ಲಿತ್ತು. ಆದರೆ ನೀವು ಅದನ್ನು ಬಳಸಬೇಡಿ. ಅಮೆರಿಕದವರಿಗೆ ಆ ಮಾತಿಗೆ ಬೇರೆಯೇ ಅರ್ಥವಿದೆ, ಅದು ಸಭ್ಯವಲ್ಲ.

ಎಚ್ಚರವಾಗಿರುವುದು

ನಾಲ್ಕನೆಯದು ಒಂದು ಸ್ಥಿತಿ. ಇದಕ್ಕೆ ಪದ ಅವೇಕ್. ಇದನ್ನು ಕ್ರಿಯಾಪದವಾಗಿಯೂ ಬಳಸುವುದುಂಟು, ಅವೇಕ್, ಅವೋಕ್, ಅವೋಕನ್ ಎಂದು. ಆದರೆ ಅದು ಕತೆ, ಕವಿತೆಗಳ ಭಾಷೆ. ಇಂದಿನ ಮಾತಿನಲ್ಲಿ ಅವೇಕ್ ಎಂಬುದು ಹೆಚ್ಚಾಗಿ 'ಎಚ್ಚರವಾಗಿರುವ' ಎಂಬ ವಿಶೇಷಣ. 'ಐ ಆ್ಯಮ್ ಅವೇಕ್' ಎಂದರೆ ಎಚ್ಚರವಿದ್ದೇನೆ. ಪೂರ್ತಿ ಎಚ್ಚರವಿದ್ದೇನೆ ಎನ್ನಲು 'ವೆರಿ ಅವೇಕ್' ಎನ್ನುವುದಿಲ್ಲ, 'ವೈಡ್ ಅವೇಕ್' ಎನ್ನುತ್ತಾರೆ. ಕಣ್ಣು ಅಗಲವಾಗಿ ತೆರೆದಿದೆ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ಈ ಪದ ನಮ್ಮ ಜನರ ದುಡಿಮೆಗೆ ತುಂಬ ಹತ್ತಿರ. ಬುಕ್ಕಸಾಗರ, ಕಮಲಾಪುರ, ಕಂಪ್ಲಿಯ ಕಡೆ ಭತ್ತ, ಬಾಳೆ, ಕಬ್ಬು ಬೆಳೆಯುವ ರೈತ ಸರದಿ ಬಂದಾಗ ರಾತ್ರಿ ಒಂದು ಗಂಟೆಗೂ ಎದ್ದು ನೀರು ಹಾಯಿಸಲು ಹೋಗುತ್ತಾನೆ. ಒಂದಕ್ಕೆ ಎದ್ದದ್ದು ಗಾಟ್ ಅಪ್. ಬೆಳಗಿನವರೆಗೆ ಗದ್ದೆಯ ಬದುವಿನ ಮೇಲೆ ಎಚ್ಚರವಿದ್ದದ್ದು ಸ್ಟೇಡ್ ಅವೇಕ್. ಮಲಗದೆಯೇ ರಾತ್ರಿ ಕಳೆದರೆ ಸ್ಟೇಡ್ ಅಪ್. ಸಂಡೂರಿನ ಅದಿರು ಲಾರಿ ಓಡಿಸುವವನಿಗೆ ಸ್ಟೇ ಅವೇಕ್ ಎಂಬುದು ಪ್ರಾಣದ ಮಾತು. ಅದರ ವಿರುದ್ಧಪದ ಡೋಝ್ ಆಫ್, ಅಂದರೆ ತನಗೇ ತಿಳಿಯದೆ ತೂಕಡಿಸಿ ನಿದ್ದೆಗೆ ಜಾರುವುದು. ಕಾಯಿಲೆಯವರ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತಿರುವುದಕ್ಕೆ ಸಿಟ್ ಅಪ್ ವಿತ್ ಎನ್ನುತ್ತಾರೆ. ಶಬ್-ಎ-ಬರಾತ್ ದಿನವನ್ನು ನಮ್ಮ ಮನೆಗಳಲ್ಲಿ 'ಜಾಗ್‌ನೇ ಕೀ ರಾತ್' ಎನ್ನುತ್ತಾರೆ, ಶಿವರಾತ್ರಿಯಂದು ಅಕ್ಕಪಕ್ಕದ ಮನೆಯವರು 'ಜಾಗರಣೆ' ಮಾಡುತ್ತಾರೆ. ಜಾಗ್‌ನಾ ಎಂಬುದೂ ಜಾಗರಣೆ ಎಂಬುದೂ ಒಂದೇ ಸಂಸ್ಕೃತ ಮೂಲದಿಂದ ಬಂದವು. ಇಂಗ್ಲಿಷಿನಲ್ಲಿ ಎರಡಕ್ಕೂ ವಿಜಿಲ್ ಎಂಬ ಪದ ಹೊಂದುತ್ತದೆ.

ಒಂದು ಸ್ವಾರಸ್ಯದ ಸಂಗತಿ. ಕಾವಲುಗಾರನಿಗೆ ನಾವು ಹೇಳುವ ವಾಚ್‌ಮ್ಯಾನ್ ಪದದ ವಾಚ್ ಕೂಡ ವೇಕ್ ಪದದ ಬೇರಿನಿಂದಲೇ ಬಂದದ್ದು. ಎಲ್ಲರೂ ಮಲಗಿರುವಾಗ ಎಚ್ಚರವಾಗಿರುವವನು ವಾಚ್‌ಮ್ಯಾನ್. ಕೈಗೆ ಕಟ್ಟುವ ವಾಚಿನ ಹೆಸರೂ ಅದೇ ಪದ.

ಎಚ್ಚರ, ಎಚ್ಚರಿಕೆ

ಈಗ ಒಂದು ಅಪಾಯದ ತಿರುವು. ಕನ್ನಡದ 'ಎಚ್ಚರ' ಪದ ನಿದ್ದೆಗಷ್ಟೇ ಸೇರಿದ್ದಲ್ಲ. ಅದಕ್ಕೆ ಇನ್ನೂ ಎರಡು ಅರ್ಥಗಳಿವೆ, ಇಂಗ್ಲಿಷಿನಲ್ಲಿ ಅವುಗಳಿಗೆ ಬೇರೆಯೇ ಪದಗಳು.

ಮೊದಲನೆಯದು ಜಾಗ್ರತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ನದಿದಂಡೆಯ ಊರುಗಳಿಗೆ ಎಚ್ಚರಿಕೆ ನೀಡಲಾಯಿತು. ಇದನ್ನು ಇಂಗ್ಲಿಷಿಗೆ ತರುವ ವಿದ್ಯಾರ್ಥಿ 'ಎಚ್ಚರಿಸಿದರು' ಎಂಬುದನ್ನು ನಿಘಂಟಿನಲ್ಲಿ ಹುಡುಕಿ ಅವೇಕನ್ಡ್ ಎಂದು ಬರೆದರೆ, ಮಲಗಿದ್ದವರನ್ನು ಬರಿದೆ ನಿದ್ದೆಯಿಂದ ಎಬ್ಬಿಸಿದರು ಎಂದಾಗುತ್ತದೆ. ಅಪಾಯವಿದೆ ಎಂದು ತಿಳಿಸಿದರು ಎಂಬ ಮುಖ್ಯ ಸಂಗತಿಯೇ ಬಿಟ್ಟುಹೋಗುತ್ತದೆ. ಅಲ್ಲಿ ಬೇಕಾದ್ದು ವಾರ್ನ್ಡ್ ಅಥವಾ ಅಲರ್ಟೆಡ್. ಹೀಗೆಯೇ 'ಜಾಗೃತಿ ಕಾರ್ಯಕ್ರಮ' ಎಂಬುದು ಅವೇರ್‌ನೆಸ್ ಪ್ರೋಗ್ರಾಮ್ ಆಗುತ್ತದೆ. ಎಬ್ಬಿಸುವುದು ಮತ್ತು ಎಚ್ಚರಿಸುವುದು ಎರಡನ್ನೂ ಒಟ್ಟಿಗೆ ಮಾಡುವ ಪದ ಒಂದಿದೆ, ಅಲಾರಾಂ. ಇಟಲಿಯ ಭಾಷೆಯಲ್ಲಿ ಆಯುಧ ಹಿಡಿಯಿರಿ ಎಂದು ಸೈನಿಕರನ್ನು ಕೂಗುವ ಮಾತಿನಿಂದ ಅದು ಬಂದಿದೆ. ಇಂದು ಅದು ನಮ್ಮ ತಲೆದಿಂಬಿನ ಪಕ್ಕದ ಮೊಬೈಲಿನಲ್ಲಿದೆ.

ಎರಡನೆಯ ಅರ್ಥ ಪ್ರಜ್ಞೆ. 'ಎಚ್ಚರ ತಪ್ಪಿ ಬಿದ್ದರು' ಎನ್ನುತ್ತೇವೆ. ಇದು ಫೇಂಟೆಡ್. 'ಎಚ್ಚರ ಬಂತು' ಎಂದರೆ ಕೇಮ್ ರೌಂಡ್, ಇಲ್ಲವೇ ರಿಗೇನ್ಡ್ ಕಾನ್ಷಸ್‌ನೆಸ್. ಅಬ್ಬಾ ಬೈಕಿನಿಂದ ಬಿದ್ದು ಪ್ರಜ್ಞೆ ಕಳೆದುಕೊಂಡು ಹತ್ತು ನಿಮಿಷದ ಮೇಲೆ ಕಣ್ಣು ತೆರೆದರು ಎಂದಿಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಮಗಳು ಇಂಗ್ಲಿಷಿನಲ್ಲಿ 'ಹಿ ವಾಸ್ ಸ್ಲೀಪಿಂಗ್, ದೆನ್ ಹಿ ವೋಕ್ ಅಪ್' ಎಂದರೆ ಅವರು ನಿದ್ದೆ ಮಾಡಿದ್ದರು ಎಂದು ವೈದ್ಯರು ತಿಳಿಯಬಹುದು. ತಲೆಗೆ ಪೆಟ್ಟಾದವರ ವಿಷಯದಲ್ಲಿ ಪ್ರಜ್ಞೆ ಹೋಗಿತ್ತೇ ಇಲ್ಲವೇ ಎಂಬುದು ವೈದ್ಯರಿಗೆ ಬಹಳ ಮುಖ್ಯ. 'ಹಿ ಫೇಂಟೆಡ್' ಅಥವಾ 'ಹಿ ವಾಸ್ ಅನ್‌ಕಾನ್ಷಸ್' ಎಂದು ಹೇಳಬೇಕು. ಇಂಗ್ಲಿಷ್ ತೋಚದಿದ್ದರೆ ಸಂಕೋಚಪಡದೆ ಕನ್ನಡದಲ್ಲಿಯೇ ಸ್ಪಷ್ಟವಾಗಿ ಹೇಳಿ. ತಪ್ಪು ಇಂಗ್ಲಿಷಿಗಿಂತ ಸರಿಯಾದ ಕನ್ನಡ ಅಲ್ಲಿ ಹೆಚ್ಚು ಉಪಕಾರಿ.

ಮನಸ್ಸಿನ ಎಚ್ಚರ

ವೇಕನ್, ಅವೇಕನ್ ಎಂಬ ಎರಡು ಪದಗಳು ಉಳಿದವು. ಇವು ನಿಯಮಕ್ಕೆ ಸಿಗುವ ಸಾಧು ಪದಗಳು, ಕೊನೆಯಲ್ಲಿ 'ಡ್' ಸೇರಿಸಿದರೆ ಭೂತಕಾಲ. ದಿನದ ಮಾತಿನಲ್ಲಿ ಇವು ಕಡಿಮೆ. ಅವೇಕನ್ ಎಂಬುದಕ್ಕೆ ಮನಸ್ಸಿನ ಕಡೆ ಒಲವು ಹೆಚ್ಚು. ಆಸಕ್ತಿಯನ್ನು, ಅನುಮಾನವನ್ನು, ಹಳೆಯ ನೆನಪನ್ನು ಅವೇಕನ್ ಮಾಡುತ್ತಾರೆ. ಸಮಾಜವೊಂದು ಅಜ್ಞಾನದಿಂದ ಹೊರಬಂದರೆ ಅದು ಅವೇಕನಿಂಗ್. ನಮ್ಮ ಹಿರಿಯರು ಉರ್ದುವಿನಲ್ಲಿ 'ಬೇದಾರಿ' ಎನ್ನುವುದು ಇದನ್ನೇ.

ಮೊಬೈಲಿನಲ್ಲಿ ಸುದ್ದಿ ಓದುವ ವಿದ್ಯಾರ್ಥಿಗಳು ಈಚೆಗೆ ವೋಕ್ ಎಂಬ ಪದವನ್ನು ಬೇರೆ ರೀತಿಯಲ್ಲಿ ಕಾಣುತ್ತಿರಬಹುದು. ಅಮೆರಿಕದ ಕಪ್ಪು ಜನರ ಆಡುಮಾತಿನಲ್ಲಿ ಅನ್ಯಾಯದ ಬಗ್ಗೆ ಕಣ್ಣು ತೆರೆದಿರುವವನು ಎಂಬ ಅರ್ಥದಲ್ಲಿ ಅದು ಬೆಳೆಯಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2017ರಲ್ಲಿ ಆ ಅರ್ಥವನ್ನು ಸೇರಿಸಿಕೊಂಡಿತು. ಈಗ ಕೆಲವರು ಅದನ್ನು ಹೊಗಳಿಕೆಯಾಗಿ, ಕೆಲವರು ಹೀಯಾಳಿಕೆಯಾಗಿ ಬಳಸುತ್ತಾರೆ. ಪರೀಕ್ಷೆಯ ವ್ಯಾಕರಣಕ್ಕೆ ಇದು ಬೇಡ. ಓದುವಾಗ ಗೊಂದಲವಾಗದಿರಲಿ ಎಂದು ಹೇಳಿದೆ.

ಅಭ್ಯಾಸ ಹೇಗೆ?

ಕೊನೆಯದಾಗಿ ಮಾಡಬೇಕಾದ ಕೆಲಸದ ಬಗ್ಗೆ ಎರಡು ಮಾತು. ವಿದ್ಯಾರ್ಥಿಗಳೇ, ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಹದಿನೈದು ದಿನ ಬೆಳಿಗ್ಗೆ ನಾಲ್ಕೇ ವಾಕ್ಯ ಬರೆಯಿರಿ. ಎಷ್ಟಕ್ಕೆ ಎಚ್ಚರವಾಯಿತು, ಎಷ್ಟಕ್ಕೆ ಎದ್ದೆ, ಯಾರು ಎಬ್ಬಿಸಿದರು, ಹಿಂದಿನ ರಾತ್ರಿ ಎಷ್ಟರವರೆಗೆ ಎಚ್ಚರವಿದ್ದೆ. ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ಮನಸ್ಸಿನಲ್ಲಿ ಹೇಳಿಕೊಳ್ಳಿ, ಅನಂತರ ಇಂಗ್ಲಿಷಿನಲ್ಲಿ ಬರೆಯಿರಿ, ಆಮೇಲೆ ಗಟ್ಟಿಯಾಗಿ ಓದಿ. ಅಲಾರಾಂ ಹೊಡೆದರೂ ಎಚ್ಚರವಾಗದೆ ತರಗತಿಗೆ ತಡವಾದ ದಿನ 'ಐ ಓವರ್‌ಸ್ಲೆಪ್ಟ್' ಎಂದು ಬರೆಯಿರಿ. ಭಾನುವಾರ ಬೇಕೆಂದೇ ಹೊತ್ತೇರುವವರೆಗೆ ಮಲಗಿದರೆ 'ಐ ಸ್ಲೆಪ್ಟ್ ಇನ್' ಎಂದು ಬರೆಯಿರಿ. ಮೊದಲನೆಯದರಲ್ಲಿ ಅಚಾತುರ್ಯವಿದೆ, ಎರಡನೆಯದರಲ್ಲಿ ಆರಾಮವಿದೆ. ಈ ವ್ಯತ್ಯಾಸ ಗೊತ್ತಿದ್ದರೆ ಮೇಷ್ಟ್ರ ಮುಂದೆ ಕಾರಣ ಹೇಳುವಾಗಲೂ ಉಪಯೋಗಕ್ಕೆ ಬರುತ್ತದೆ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ: ಸಮಾನಾರ್ಥಕ ಪದಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವ ಬದಲು, ಪ್ರತಿಯೊಂದಕ್ಕೂ ಮಕ್ಕಳ ಮನೆಯ ಒಂದು ವಾಕ್ಯ ಕೊಡಿಸಿ. ಮನೆಯಲ್ಲಿ ಉರ್ದು ಆಡುವ ಮಗು ಉರ್ದುವಿನಿಂದ, ಕನ್ನಡ ಆಡುವ ಮಗು ಕನ್ನಡದಿಂದ ದಾಟಿ ಬರಲಿ. ಮನೆಮಾತು ಇಂಗ್ಲಿಷಿಗೆ ಅಡ್ಡಿ ಎಂಬ ಭಾವನೆ ಬೇಡ. ಅಡ್ಡಿಯಾಗುವ ಒಂದೆರಡು ಜಾಗಗಳನ್ನು ಈಗ ನೋಡಿದೆವು, ನೆರವಾಗುವ ಜಾಗಗಳೇ ಹೆಚ್ಚು. ರೆವರೆಂಡ್ ಕಿಟ್ಟೆಲ್ಲರು ಜರ್ಮನಿಯಿಂದ ಬಂದು, ಕನ್ನಡವನ್ನು ಜನರ ಬಾಯಿಂದ ಕೇಳಿ, ಗ್ರಂಥಗಳಿಂದ ಓದಿ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಅವರಿಗೆ ಎರಡೂ ಪರಭಾಷೆಗಳು. ಪರಭಾಷೆ ಹುಟ್ಟಿನಿಂದ ಬರುವ ಭಾಗ್ಯವಲ್ಲ, ದುಡಿದು ಗಳಿಸುವ ಆಸ್ತಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಪಾಲಕರಲ್ಲಿ ಒಂದು ಮಾತು. ಮಗು ತಪ್ಪು ಇಂಗ್ಲಿಷ್ ಆಡಿದಾಗ ನಗಬೇಡಿ. ನಕ್ಕರೆ ಅದು ಮರುದಿನ ಬಾಯಿ ತೆರೆಯುವುದಿಲ್ಲ. ಮಲಗಿದವರನ್ನು ಎಬ್ಬಿಸಬಹುದು, ಅವಮಾನದಿಂದ ಮುದುಡಿದ ಮನಸ್ಸನ್ನು ಎಬ್ಬಿಸುವುದು ಬಹಳ ಕಷ್ಟ.